ಹಸೀನಾ ಆಪಾ ಕೊಟ್ಟ ಟ್ರೇನಿಂಗು

ಹೊಸ ಪ್ಲಾಸ್ಟಿಕ್ ಫೈಲಿಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಇಂದು ಬೆಳಿಗ್ಗೆ ಶಿಗ್ಗಾಂವಿಯ ನಮ್ಮ ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಅಂಥ ಒಂಬತ್ತು ಫೈಲುಗಳು ಬಂದು ಕೂತಿದ್ದವು. ಇಂಗ್ಲಿಷ್ ಟೀಚರ್ ಬೇಕಾಗಿದ್ದಾರೆ. ಆರಿಸುವ ಕೆಲಸ ನನ್ನ ಪಾಲಿಗೆ. ಬಿ.ಎ., ಬಿ.ಎಡ್., ಮೇಲೊಂದು ಆನ್‌ಲೈನ್ ಸರ್ಟಿಫಿಕೇಟು. ನನ್ನ ಫೈಲೂ ಒಂದು ಕಾಲಕ್ಕೆ ಹೀಗೆಯೇ ಘಮಘಮಿಸುತ್ತಿತ್ತು. ಅದನ್ನು ಎದೆಗವಚಿಕೊಂಡು ಓಡಾಡುತ್ತಿದ್ದ ನನ್ನ ಗತ್ತು ಮಾತ್ರ ಕೇಳಬೇಡಿ.

ಆಗ ನಾನು ಸವಣೂರಿನಲ್ಲಿದ್ದೆ. ಕೆಳಗಿನ ಮನೆಯ ಹಸೀನಾ ಆಪಾ ಹೊಲಿಗೆ ಕೆಲಸದವರು. ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಪಾಲಕರ ಸಭೆಗೆ ಹೋದರೆ ಹಿಂದಿನ ಬೆಂಚಿನಲ್ಲಿ ತುಟಿ ಪಿಟಕ್ಕೆನ್ನದೆ ಕೂತು ಬರುತ್ತಿದ್ದರು. "ಟೀಚರ್ರ, ಮುಂದಿನ ಮೀಟಿಂಗಿನ್ಯಾಗ ನನ್ನ ಮಗಳ ಬಗ್ಗೆ ನಾನ ಇಂಗ್ಲಿಷಿನ್ಯಾಗ ಎರಡು ಮಾತು ಕೇಳಬೇಕ್ರಿ. ಅಷ್ಟು ಕಲಿಸಿಕೊಡ್ರಿ" ಎಂದರು. ಅದಕ್ಕೇನಂತೆ, ಎಂದೆ. ಬಿ.ಎಡ್. ಇತ್ತಲ್ಲ!

ಎರಡೇ ವಾರದಲ್ಲಿ ಆಪಾ ಬಾಯಿ ತೆರೆಯುವುದನ್ನೇ ಬಿಟ್ಟರು. ಅವರು ಅರ್ಧ ವಾಕ್ಯ ಹೇಳುವಷ್ಟರಲ್ಲಿ ನಾನು ತಪ್ಪು ಹಿಡಿಯುತ್ತಿದ್ದೆ. ಒಂದು ದಿನ ರೇಗಿ, "ಎಷ್ಟ ಸಲ ಹೇಳಬೇಕ್ರಿ ಆಪಾ? ಇಷ್ಟು ಸರಳ ಐತಿ, ತಲಿಗೆ ಹತ್ತಂಗಿಲ್ಲೇನು?" ಎಂದುಬಿಟ್ಟೆ.

ಆಪಾ ಸಿಟ್ಟಾಗಲಿಲ್ಲ. ಹೊಲಿಗೆ ಮಿಷಿನ್ನಿನ ಮುಂದಿನ ಸ್ಟೂಲು ಒರೆಸಿ, "ಕುಂದರ್ರಿ. ಈ ಚೂರು ಅರಿವಿ ಮ್ಯಾಲ ಒಂದು ನೆಟ್ಟನ ಗೆರಿ ಹೊಲೀರಿ. ಇದೂ ಸರಳನ ಐತಿ" ಎಂದರು.

ತುಳಿದೆ. ಗಾಲಿ ಹಿಂದಕ್ಕೆ ತಿರುಗಿ ದಾರ ಕಡಿಯಿತು. ಆಪಾ ಪೋಣಿಸಿಕೊಟ್ಟರು. ಮತ್ತೆ ಕಡಿಯಿತು. ಬ್ಲೌಸು ಒಯ್ಯಲು ಬಂದಿದ್ದ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು, ಯಾವ ಕಾಲು ಮುಂದೆ ಒತ್ತಬೇಕೆಂಬುದೇ ಮರೆತುಹೋಯಿತು. ಆಪಾ ಮಾತ್ರ ನಗಲಿಲ್ಲ. ಆರನೆಯ ಸಲವೂ ದಾರ ಪೋಣಿಸಿ, "ಹೂಂ, ಇನ್ನೊಮ್ಮೆ" ಎಂದರು, ಮೊದಲ ಸಲ ಅಂದ ದನಿಯಲ್ಲೇ.

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಮರುದಿನದಿಂದ ಆಪಾ ಮಾತು ಮುಗಿಸುವವರೆಗೆ ನಾನು ನಡುವೆ ಬಾಯಿ ಹಾಕಲಿಲ್ಲ. ಸಭೆಯ ದಿನ ಅವರು ಎದ್ದು ನಿಂತು, ಹರಕುಮುರುಕು ಇಂಗ್ಲಿಷಿನಲ್ಲೇ, ಮಗಳು ತರಗತಿಯಲ್ಲಿ ಹೇಗಿದ್ದಾಳೆಂದು ಕೇಳಿ, ಉತ್ತರ ಪಡೆದೇ ಬಂದರು. "ಕಾಲು ನಡುಗಾಕತ್ತಿದ್ವು ಖರೆ. ಆದ್ರ ಕುಂದರಲಿಲ್ರಿ ನಾನು!" ಎನ್ನುವಾಗ ಅವರ ಮುಖ ನೋಡಬೇಕಿತ್ತು ನೀವು. ನನಗಾದ ಖುಷಿ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಮೊದಲ ಅಭ್ಯರ್ಥಿ, ಹಿರೇಕೆರೂರಿನ ಹುಡುಗಿ, ಒಳಗೆ ಬಂದಳು. ಬ್ಯಾಗಿನಿಂದ ಮೂಲ ಸರ್ಟಿಫಿಕೇಟು ತೆಗೆಯಹೋದವಳನ್ನು ತಡೆದೆ. "ಅವು ಇರ್ಲಿ ಬಿಡವಾ. ಈಗೇನರ ಹೊಸದು ಕಲಿಯಾಕತ್ತೀಯೇನು?"

ಹುಡುಗಿ ಗಲಿಬಿಲಿಗೊಂಡಳು. "ಸ್ಕೂಟಿ ಕಲಿಯಾಕತ್ತೇನ್ರಿ ಮೇಡಂ. ನಿನ್ನೆನೂ ಬಿದ್ದೇನ್ರಿ" ಎಂದು ಮೊಣಕೈಯ ಪಟ್ಟಿ ಮುಚ್ಚಿಕೊಂಡಳು.

"ಯಾರು ಕಲಿಸಾಕತ್ತಾರ?"

"ನಮ್ಮಣ್ಣ ರೀ. ಭಾಳ ಬೈತಾನ್ರಿ."

"ಬೈದ್ರ ಏನಾಗ್ತೈತಿ?"

"ಬ್ರೇಕ್ ಎಲ್ಲೈತಿ ಅನ್ನೋದ ಮರತು ಹೋಗ್ತೈತ್ರಿ."

ಉಳಿದ ಎಂಟು ಮಂದಿಯನ್ನೂ ಮಾತಾಡಿಸಲೇಬೇಕು, ನಿಯಮ ನಿಯಮವೇ. ಆದರೆ ನನ್ನ ಪೆನ್ನು ಆಗಲೇ ಅವಳ ಹೆಸರಿನ ಮುಂದೆ ಹೋಗಿ ನಿಂತಿತ್ತು.