ಆಕರ: ನನ್ನ ಅತ್ತೆ

ಐದು ವರ್ಷ ಕೂತು ಬರೆದ ಪ್ರಬಂಧವನ್ನು ಕಂಪ್ಯೂಟರು ಕಳ್ಳಮಾಲು ಅಂದದ್ದು ಒಂದು ಸೋಮವಾರ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶವಿದೆ. ಅದು ಒಪ್ಪದೆ ಯಾವ ಪಿಎಚ್.ಡಿ. ಪ್ರಬಂಧವೂ ಮುಂದೆ ಹೋಗುವುದಿಲ್ಲ. ನನ್ನ ಮೂರನೆಯ ಅಧ್ಯಾಯ ಪುಟದ ಮೇಲೆ ಪುಟ ಕೆಂಪಾಗಿ ಹೊರಬಂತು. ಅವಧಿ ಮುಗಿಯಲು ಇದ್ದದ್ದು ಒಂದೇ ತಿಂಗಳು. ಅಷ್ಟರೊಳಗೆ ಸರಿಯಾಗದಿದ್ದರೆ ನೋಂದಣಿಯೇ ರದ್ದು.

ನಾನು ಬರೆದದ್ದು ಬೈಂದೂರಿನ ಕಡೆ ಹೊಳೆಯಲ್ಲಿ ಮಳಿ ಹೆಕ್ಕುವ ಹೆಂಗಸರ ತಿಳಿವಳಿಕೆಯ ಬಗ್ಗೆ. ಮಳಿ ಅಂದರೆ ನಮ್ಮ ಕಡೆಯ ಚಿಪ್ಪುಮೀನು. ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ, ಕಾಲಡಿಯ ಕೆಸರು ಹೇಗಿದ್ದರೆ ಮಳಿ ಸಿಗುತ್ತದೆ, ಯಾವಾಗ ಹೆಕ್ಕದೆ ಬಿಡಬೇಕು, ಇದೆಲ್ಲ ನನಗೆ ಹೇಳಿದ್ದು ನನ್ನ ಅತ್ತೆ, ಗಂಡನ ತಾಯಿ. ಜೀವಮಾನವಿಡೀ ಸೊಂಟದಷ್ಟು ನೀರಿನಲ್ಲಿ ನಿಂತವರು. ಆದರೆ ಅಧ್ಯಾಯದಲ್ಲಿ ಎಲ್ಲೂ ಅವರ ಹೆಸರಿರಲಿಲ್ಲ. ಉದ್ದಕ್ಕೂ "ಹಿರಿಯರು ಹೇಳುವಂತೆ" ಎಂದೇ ಬರೆದಿದ್ದೆ. ಸೊಸೆಯಾದವಳು ಅತ್ತೆಯ ಹೆಸರೆತ್ತಬಾರದು ಅಂತ ನನ್ನಮ್ಮ ಮದುವೆಗೆ ಮೊದಲೇ ತಲೆಗೆ ತುಂಬಿದ್ದರು. ರೇಷನ್ ಅಂಗಡಿಯಲ್ಲೂ ಹೆಸರು ಹೇಳದೆ ಕಾರ್ಡನ್ನೇ ಮುಂದೆ ತಳ್ಳುತ್ತಿದ್ದವಳು ನಾನು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಇಷ್ಟಾದರೂ ನಾಲಿಗೆ ಏಳುತ್ತಿರಲಿಲ್ಲ. ನಗಬೇಡಿ.

ತಂತ್ರಾಂಶ ತೋರಿಸಿದ್ದು ಜಾಲತಾಣವೊಂದರ ಲೇಖನವನ್ನು. ಓದಿದೆ. ಮೈ ಉರಿದುಹೋಯಿತು. ಎರಡು ವರ್ಷದ ಹಿಂದೆ ಕುಂದಾಪುರದ ವಿಚಾರಸಂಕಿರಣವೊಂದರಲ್ಲಿ ನಾನು ಓದಿ, ಪ್ರತಿ ಹಂಚಿದ್ದ ಬರಹವೇ ಅದು! ಯಾರೋ ಪುಣ್ಯಾತ್ಮರು ಅಲ್ಲಲ್ಲಿ ನಾಲ್ಕು ಶಬ್ದ ತಿರುಗಿಸಿ ತಮ್ಮ ಹೆಸರು ಹಾಕಿಕೊಂಡಿದ್ದರು. ಕದ್ದವರು ವಿದ್ವಾಂಸರು, ನಾನು ಕಳ್ಳಿ.

ಮಾರ್ಗದರ್ಶಕರಿಗೆ ಫೋನು ಮಾಡಿದೆ. "ಗಲಾಟೆ ಯಾಕೆ? ನೀವೂ ಶಬ್ದ ಬದಲಾಯಿಸಿಬಿಡಿ, ಕೆಂಪು ಹೋಗ್ತದೆ," ಅಂದರು. ಒಳ್ಳೆಯವರೇ, ಆದರೆ ರಗಳೆ ಅಂದರೆ ಅವರಿಗಾಗದು. ನಿಜ ಹೇಳುತ್ತೇನೆ, ಎರಡು ದಿನ ಗ್ರಂಥಾಲಯದಲ್ಲಿ ಕೂತು ಹಾಗೇ ಮಾಡಿದೆ ಕೂಡ.

ಮೂರನೆಯ ದಿನ ಗ್ರಂಥಪಾಲಕಿಯ ಕಣ್ಣಿಗೆ ಬಿದ್ದೆ. ಕೋಟದ ಕಡೆಯವರು, ಯಾರಾದರೂ ಪುಸ್ತಕದ ಹಾಳೆ ಮಡಿಚಿದರೆ ಎದ್ದು ಬಂದು ಬೈಯುವವರು. ನನ್ನ ಪರದೆ ನೋಡಿ ಪಕ್ಕದ ಕುರ್ಚಿ ಎಳೆದುಕೊಂಡರು.

"ಎಂತ ಮಾಡ್ತಾ ಇದ್ರಿ ಮಾರಾಯ್ರೆ?"

ಶಬ್ದ ಬದಲಾಯಿಸುತ್ತಿದ್ದೇನೆ ಅಂದೆ.

"ಶಬ್ದ ಬದ್ಲಾಯ್ಸ್ರೆ ಕೆಂಪ್ ಹೋತ್. ಅದ್ ಯಾರ್ ಹೇಳದ್ದ್ ಅಂಬ್ದ್ ಹೋತ್ತಾ?"

ಹೇಳಿದ್ದು ನನ್ನ ಅತ್ತೆ ಅಂದೆ. ಅವರ ಮಾತನ್ನು ರೆಕಾರ್ಡ್ ಮಾಡಿದ್ದೀರಾ ಎಂದು ಕೇಳಿದರು. ಮಾಡಿದ್ದೆ. ಫೋನಿನಲ್ಲಿ ಅತ್ತೆಯ ಮಾತು ಗಂಟೆಗಟ್ಟಲೆ ಇತ್ತು, ಪ್ರತಿಯೊಂದಕ್ಕೂ ತಾರೀಕು. ಎಲ್ಲವೂ ಆ ಲೇಖನಕ್ಕಿಂತ ಹಳೆಯವು. ಗ್ರಂಥಪಾಲಕಿಯ ಮುಖ ಅರಳಿತು. ಗ್ರಂಥಾಲಯದ ಧ್ವನಿ ಸಂಗ್ರಹಕ್ಕೆ ಕೊಡಿ, ಪ್ರಬಂಧ ಪರಿಶೀಲಿಸುವ ಸಮಿತಿಗೆ ನಾನೇ ಬರೆಯುತ್ತೇನೆ ಎಂದು ಒಂದು ಫಾರಂ ಮುಂದಿಟ್ಟರು. ಮಾತಾಡಿದವರ ಹೆಸರು, ಅವರ ಒಪ್ಪಿಗೆಯ ಸಹಿ. ಹೆಸರಿನ ಜಾಗಕ್ಕೆ ಬಂದು ನನ್ನ ಪೆನ್ನು ನಿಂತಿತು. ಕಾರಣ ಹೇಳಿದಾಗ ಅವರು ನಗಲಿಲ್ಲ.

"ಹೆಸ್ರ್ ಹಾಕ್ದೇ ಇದ್ದದ್ದಕ್ಕೇ ಅದ್ ಬೀದಿ ಮಾಲ್ ಆಯ್ತ್. ಯಾರ್ ಬೇಕಾರೂ ಹೆಕ್ಕಂಡ್ ಹೋತ್ರ್."

ಮಾತು ನಾಟಿತು. ಮನೆಗೆ ಹೋಗಿ ಹೆದರುತ್ತಲೇ ಅತ್ತೆಗೆ ಎಲ್ಲ ಹೇಳಿದೆ. "ನನ್ ಹೆಸ್ರ್ ಎಂತಕ್ಕ್? ನಾನೆಂತ ಓದಿದವ್ಳಾ?" ಅಂದುಬಿಟ್ಟರು. ಸರಿ, ಆ ಲೇಖನವನ್ನಾದರೂ ಕೇಳಿ ಎಂದು ಓದತೊಡಗಿದೆ. ನೀರು ಏರುವ ಹೊತ್ತಿಗೆ ಹೆಂಗಸರು ಹೊಳೆಗಿಳಿಯುತ್ತಾರೆ ಅನ್ನುವ ಸಾಲು ಬಂದದ್ದೇ ತಡ, ಅತ್ತೆ ಎದ್ದು ನಿಂತರು.

"ಎಂತ! ನೀರ್ ಏರುವತ್ತಿಗಾ? ಏರು ನೀರಿಗ್ ಇಳ್ದ್ರೆ ಮುಳ್ಕಂಡ್ ಸಾಯ್ಕ್! ಇಳ್ಯುವತ್ತಿಗ್ ಹೋಪುದ್ ಅಂದ್ ನಾನ್ ಹೇಳಲ್ಯಾ ಹೆಣೆ?"

ಹೇಳಿದ್ದರು. ನಾನೂ ಹಾಗೇ ಬರೆದಿದ್ದೆ. ಕದ್ದವರು ಗುರುತು ಸಿಗದಿರಲಿ ಎಂದು ಶಬ್ದ ಬದಲಾಯಿಸಲು ಹೋಗಿ, ಇಳಿತವನ್ನೇ ಉಬ್ಬರ ಮಾಡಿಬಿಟ್ಟಿದ್ದರು. ಎರಡು ದಿನ ನಾನೂ ಅದೇ ಕೆಲಸಕ್ಕೆ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅತ್ತೆಗೆ ನನ್ನ ನಾಚಿಕೆ ಯಾಕೆ ಬೇಕು? "ಯಾರಾರೂ ಇದನ್ ಓದಿ ಹೊಳಿಗ್ ಇಳ್ದ್ರೆ ಎಂತ ಗತಿ? ನಡಿ, ನಾನೂ ಬತ್ತೆ," ಅಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ, ಬ್ರಹ್ಮಾವರ ದಾಟಿ ವಿಶ್ವವಿದ್ಯಾಲಯ ಮುಟ್ಟಿದೆವು. ಅತ್ತೆ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಲು ಹೊರಟರು. "ಬೇಡ ಅಮ್ಮ, ಹಾಯ್ಕಂಡೇ ಬನ್ನಿ, ಕೂಕಣಿ," ಎಂದು ಗ್ರಂಥಪಾಲಕಿ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅತ್ತೆ ಕೂತು ಇಳಿತದ ವಿಷಯ ತೆಗೆದದ್ದೇ ಸರಿ, ಓದುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ನಿಂತರು. ಮೌನವಾಗಿರಿ ಅನ್ನುವ ಫಲಕದ ಕೆಳಗೇ ಅರ್ಧ ಗಂಟೆ ಉಪನ್ಯಾಸ! ಆಮೇಲೆ ಅತ್ತೆ ತಮ್ಮ ಹೆಸರು ಹೇಳಿದರು, ನಾನು ಫಾರಮಿನಲ್ಲಿ ಬರೆದೆ, ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಿದ್ದವರು ಗ್ರಂಥಾಲಯಕ್ಕೆ ಹೋಗಿ ನೋಡಲಿ.

ಅಧ್ಯಾಯವನ್ನು ಮತ್ತೆ ಬರೆದೆ. "ಹಿರಿಯರು" ಇದ್ದಲ್ಲೆಲ್ಲ ಅತ್ತೆಯ ಹೆಸರು, ಮಾತಾಡಿದ ತಾರೀಕು. ಗ್ರಂಥಪಾಲಕಿ ರೆಕಾರ್ಡಿಂಗಿನ ವಿವರವನ್ನೂ, ಉಬ್ಬರ ಇಳಿತದ ಆ ಎಡವಟ್ಟನ್ನೂ ಪತ್ರದಲ್ಲಿ ಬರೆದು ಸಮಿತಿಗೆ ಕಳಿಸಿದರು. ಅವಧಿ ಮುಗಿಯುವ ಮೊದಲೇ ಪ್ರಬಂಧಕ್ಕೆ ಒಪ್ಪಿಗೆ ಬಂತು. ಜಾಲತಾಣದವರು ಲೇಖನವನ್ನು ತೆಗೆದುಹಾಕಿ ಕ್ಷಮೆ ಕೇಳಿದರು. ಬರೆದ ಪುಣ್ಯಾತ್ಮರದು ಮಾತ್ರ ಸದ್ದಿಲ್ಲ. ಇರಲಿ ಬಿಡಿ.

ಇನ್ನುಳಿದದ್ದು ಮೌಖಿಕ ಪರೀಕ್ಷೆ. ಅದು ನಡೆದದ್ದು ಸಭಾಂಗಣದಲ್ಲಿ, ಎಲ್ಲರೆದುರು. ಹೊರಗಿನಿಂದ ಬಂದ ಪರೀಕ್ಷಕರು ಮೂರನೆಯ ಅಧ್ಯಾಯ ತೆರೆದು, "ಈ ಇಳಿತದ ಲೆಕ್ಕಾಚಾರ ಬಹಳ ಖಚಿತವಾಗಿದೆ. ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು. ಕಾಗದದ ಮೇಲೆ ಬರೆಯುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಮದುವೆಯಾದಂದಿನಿಂದ ಒಮ್ಮೆಯೂ ಎತ್ತದ ಹೆಸರು. ಹೇಳಿದೆ. ಪಿಸುಮಾತಿನಷ್ಟೇ ಬಂತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಎದ್ದು ನಿಂತರು. "ಹ್ವಾಯ್! ಜೋರಾಯ್ ಹೇಳ್ ಹೆಣೆ, ಇಲ್ಲಿಗ್ ಕೇಂತಿಲ್ಲ!"

ಇಡೀ ಸಭಾಂಗಣ ನಕ್ಕಿತು. ನಾನು ಅವರ ಮುಖವನ್ನೇ ನೋಡುತ್ತಾ, ಗಂಟಲು ಬಿಟ್ಟು ಆ ಹೆಸರು ಹೇಳಿದೆ.

"ಹಾಂ, ಈಗ ಕೇಂತ್," ಎಂದು ಅತ್ತೆ ಕೂತರು.