ಷಡಕ್ಷರಪ್ಪನವರ ಮಗಳು ಮಾಡಿದ ಕರೆಂಟು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಮಗಳು ದ್ರಾಕ್ಷಾಯಣಿ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಅಂದರೆ ಅರವತ್ಮೂರನೇ ಇಸವಿಯಲ್ಲಿ, ಸೈಕಲ್ ತುಳಿದು ಕರೆಂಟು ಮಾಡುತ್ತೇನೆಂದು ಹೊರಟಳು. ವಿಜ್ಞಾನ ಪ್ರದರ್ಶನಕ್ಕೆ ಎಲ್ಲರೂ ಏನಾದರೂ ಮಾಡಿ ತರಬೇಕೆಂದು ಸುಬ್ಬರಾಮಯ್ಯ ಮೇಷ್ಟ್ರು ಅಪ್ಪಣೆ ಕೊಡಿಸಿದ್ದರು. ಹುಡುಗರು ಜೇಡಿಮಣ್ಣಿನ ಜ್ವಾಲಾಮುಖಿ ಕಟ್ಟತೊಡಗಿದರು. ಹುಡುಗಿಯರು ಎಲೆ ಒಣಗಿಸಿ ರಟ್ಟಿಗೆ ಅಂಟಿಸಿದರು. ದ್ರಾಕ್ಷಾಯಣಿಗೆ ಎರಡೂ ರುಚಿಸಲಿಲ್ಲ.

ಮನೆಯಲ್ಲಿ ಅಪ್ಪನ ಸೈಕಲ್ ಇತ್ತು. ಅವರ ಮೈ ಬೆಳೆದಂತೆಲ್ಲ ಸವಾರಿ ಕಡಿಮೆಯಾಗಿ, ಅದೀಗ ಅಟ್ಟದ ಮೆಟ್ಟಿಲ ಕೆಳಗೆ ಗೋಣಿ ಹೊದ್ದು ನಿಂತಿತ್ತು.

“ಹೆಣ್ಣುಹುಡುಗಿ ಸೈಕಲ್ ತುಳಿದ್ರೆ ಮಂಡಿಯವರು ಏನಂದಾರು?” ಎಂದರು ಷಡಕ್ಷರಪ್ಪ.

“ಅದು ಎಲ್ಲಿಗೂ ಹೋಗಲ್ಲ ಅಪ್ಪಾಜಿ. ಹಿಂದಿನ ಚಕ್ರ ನೆಲಕ್ಕೆ ತಾಗೋದೇ ಇಲ್ಲ.”

“ಎಲ್ಲಿಗೂ ಹೋಗದಿದ್ಮೇಲೆ ಯಾಕೆ ತುಳೀಬೇಕು?”

ಇದಕ್ಕೆ ಉತ್ತರ ಕೊಟ್ಟವರು ಅಜ್ಜಿ ಬಸಮ್ಮ. “ನೀನು ದಿನಾ ಮಂಡಿ ಗಾದಿ ಮೇಲೆ ಕೂತಿರ್ತೀಯಲ್ಲ, ಎಲ್ಲಿಗೆ ಹೋಗ್ತೀಯ? ಕೊಡು ಮಗೀಗೆ.”

ಊರಿನ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಲಾರಿಯ ಹಳೇ ಡೈನಮೋ ಬಂತು. ಹಿಟ್ಟಿನ ಗಿರಣಿಯಿಂದ ಹರಿದ ಬೆಲ್ಟು ಬಂತು. ಟೈರು ಬಿಚ್ಚಿದ ಹಿಂದಿನ ಚಕ್ರಕ್ಕೂ ಡೈನಮೋಗೂ ಆ ಬೆಲ್ಟನ್ನೇ ಹೊಲಿದು ಬಿಗಿದು, ಡೈನಮೋದ ತಂತಿಗೆ ದೀಪವೊಂದನ್ನು ಕಟ್ಟಿದಳು. ಮೊದಲ ಸಲ ತುಳಿಯಲು ಕೂತಾಗ ಲಂಗದ ಅಂಚು ಚೈನಿಗೆ ಸಿಕ್ಕಿ ಹರಿಯಿತು. ಅವಳು ಇಳಿದಳು, ಸಹಾಯಕ್ಕೆಂದು ಅಪ್ಪ ಹತ್ತಿದರು. ತುಳಿದರು, ತುಳಿದರು. ದೀಪ ಹತ್ತಲೇ ಇಲ್ಲ.

“ಕರೆಂಟು ಎಲ್ಲಮ್ಮ? ಬರೀ ಬೆವರು ಬಂತು,” ಎಂದು ಪಂಚೆಯಲ್ಲಿ ಮುಖ ಒರೆಸಿಕೊಂಡರು.

ದ್ರಾಕ್ಷಾಯಣಿ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಪುಸ್ತಕ ತಿರುವಿ ತಿರುವಿ, ಕರೆಂಟು ಹುಟ್ಟಬೇಕಾದರೆ ಡೈನಮೋದ ಕಬ್ಬಿಣದಲ್ಲಿ ಒಂದಿಷ್ಟಾದರೂ ಕಾಂತಶಕ್ತಿ ಉಳಿದಿರಬೇಕು, ವರ್ಷಗಟ್ಟಲೆ ಸುಮ್ಮನೆ ಬಿದ್ದದ್ದಕ್ಕೆ ಅದು ಹೋಗಿರುತ್ತದೆ ಎಂದು ಕಂಡುಕೊಂಡಳು. ಮರುದಿನ ಡೈನಮೋವನ್ನು ಗ್ಯಾರೇಜಿಗೆ ಹೊತ್ತು, ಹೋದ ಕಾಂತಶಕ್ತಿ ಮರಳಲೆಂದು ಅಲ್ಲಿದ್ದ ಬ್ಯಾಟರಿಯ ತಂತಿಯನ್ನು ಅದಕ್ಕೆ ಕ್ಷಣಮಾತ್ರ ತಾಗಿಸಿದಳು. ಚಟ್ ಎಂದು ಕಿಡಿ ಹಾರಿತು. ಸಂಜೆ ಅಪ್ಪ ಮತ್ತೆ ಹತ್ತಿದಾಗ ದೀಪ ಮೊದಲು ಕೆಂಪಗೆ ಮಿಣುಕಿ, ಆಮೇಲೆ ಬೆಳ್ಳಗೆ ಉರಿಯಿತು. ಷಡಕ್ಷರಪ್ಪನವರು ಇಳಿಯಲು ಒಪ್ಪಲಿಲ್ಲ. ಬಸಮ್ಮ ಸೈಕಲ್ ಮೇಲಿದ್ದವರಿಗೇ ಮಜ್ಜಿಗೆ ಕೊಡಬೇಕಾಯಿತು.

ಪ್ರದರ್ಶನದ ಸಂಜೆಗೂ ತಾವೇ ತುಳಿಯುವುದಾಗಿ ಹೇಳಿ ಅಪ್ಪ ಹೊಸ ಪಂಚೆ ಕಚ್ಚೆ ಹಾಕಿ ಬಂದರು. ಹಾಸನದಿಂದ ಬಂದಿದ್ದ ವಿದ್ಯಾಧಿಕಾರಿಗಳು ಒಂದೊಂದೇ ಮೇಜು ನೋಡುತ್ತಾ ಬಂದು, ತುಳಿಯುವವರ ಮುಖ ನೋಡದೆ ಬೆಲ್ಟನ್ನೇ ಬಗ್ಗಿ ನೋಡುತ್ತಾ ಕೇಳಿದರು, “ಭೇಷ್. ಎಷ್ಟನೇ ಕ್ಲಾಸು?”

“ಮೂರನೇ ಕ್ಲಾಸಿಗೇ ಬಿಟ್ಟೆ ಸ್ವಾಮಿ,” ಎಂದರು ಷಡಕ್ಷರಪ್ಪ.

ದ್ರಾಕ್ಷಾಯಣಿಗೆ ಮೇಜಿನಡಿ ಸೇರಿಕೊಳ್ಳೋಣ ಅನಿಸಿತು.

ಅಧಿಕಾರಿಗಳು ಭಾಷಣಕ್ಕೆ ನಿಂತು ಅರ್ಧ ವಾಕ್ಯ ಮುಗಿಸುವಷ್ಟರಲ್ಲಿ ಊರಿನ ಕರೆಂಟು ಹೋಯಿತು. ಕತ್ತಲಲ್ಲಿ ಮಕ್ಕಳು ಕೂಗಿಕೊಂಡರು. ಸುಬ್ಬರಾಮಯ್ಯನವರು ತಡಕಾಡುತ್ತಾ ಬಂದು, “ಷಡಕ್ಷರಪ್ಪನೋರೇ, ಮಾನ ಉಳಿಸಿ,” ಎಂದರು. ದ್ರಾಕ್ಷಾಯಣಿ ತಂತಿ ಎಳೆದು ದೀಪವನ್ನು ವೇದಿಕೆಯತ್ತ ಹಿಡಿದಳು. ಅಧಿಕಾರಿಗಳ ಮುಖವೊಂದೇ ಬೆಳಗಿತು. ಅವರಿಗೂ ಅದು ಹಿಡಿಸಿತೋ ಏನೋ, ವಿಜ್ಞಾನದ ಮಹತ್ವವನ್ನು ಆದಿಯಿಂದ ಶುರು ಮಾಡಿದರು. ನ್ಯೂಟನ್ನಿನ ಹತ್ತಿರ ಬರುವಾಗ ದೀಪ ಮಂಕಾಯಿತು. ಅಧಿಕಾರಿಗಳ ಮೂಗು ಮಾತ್ರ ಕಾಣುತ್ತಿತ್ತು. ಷಡಕ್ಷರಪ್ಪನವರು ಹಲ್ಲು ಕಚ್ಚಿ ತುಳಿದರು, ಮೀಸೆ ಕಂಡಿತು. ಮತ್ತೆ ಮಂಕಾಯಿತು. ಸಭೆಯವರು ಭಾಷಣ ಬಿಟ್ಟು ದೀಪವನ್ನೇ ನೋಡತೊಡಗಿದರು.

ಕೊನೆಗೆ ಕತ್ತಲಿನಿಂದ ಏದುಸಿರಿನ ದನಿ ಬಂತು. “ಸ್ವಾಮಿ, ಇನ್ನೂ ಎಷ್ಟು ದೂರ ಐತೆ?”

ಇಡೀ ಸಭೆ ನಕ್ಕಿತು. ದೀಪ ಆರಿತು.

ದ್ರಾಕ್ಷಾಯಣಿ ದೀಪವನ್ನು ಮೇಷ್ಟ್ರ ಕೈಗೆ ಕೊಟ್ಟಳು. ಲಂಗವನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಅಪ್ಪನನ್ನು ಇಳಿಸಿ, ತಾನು ಹತ್ತಿದಳು. ದೀಪ ಹತ್ತಿದೊಡನೆ ಪೆಡಲು ಕಲ್ಲಿನಂತೆ ಭಾರವಾಯಿತು. ಬೆಳಕು ಇಷ್ಟು ತೂಗುತ್ತದೆಂದು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ. ತೊಡೆ ಉರಿಯುತ್ತಿತ್ತು, ಆದರೆ ನಾಚಿಕೆ ಎಲ್ಲೋ ಬಿದ್ದುಹೋಗಿತ್ತು. ಅಧಿಕಾರಿಗಳು ಹುಡುಗಿಯನ್ನು ನೋಡಿದರು, ನ್ಯೂಟನ್ನನ್ನು ಅಲ್ಲೇ ಬಿಟ್ಟರು, ವಂದನೆ ಹೇಳಿ ಕೂತರು. ಅಷ್ಟು ಚಿಕ್ಕ ಭಾಷಣ ಆ ಶಾಲೆ ಕೇಳಿರಲಿಲ್ಲ.

ಬಹುಮಾನವೆಂದು ಹಿತ್ತಾಳೆ ಲೋಟವೊಂದನ್ನು ಕೊಟ್ಟರು. ಪೆಡಲು ನಿಂತು ಮತ್ತೆ ಕತ್ತಲಾಗಿತ್ತು; ಜೋರಾಗಿ ಏದುಸಿರು ಬಿಡುತ್ತಿದ್ದವರೇ ವಿಜೇತರೆಂದು ತಿಳಿದು ಅದನ್ನು ಷಡಕ್ಷರಪ್ಪನವರ ಕೈಗಿತ್ತರು. ಅವರು ಮೊದಲು ಅದರಲ್ಲಿ ನೀರು ತರಿಸಿ ಕುಡಿದು, ಆಮೇಲೆ ಮಗಳಿಗೆ ದಾಟಿಸಿದರು.

ಎಸ್ಸೆಸ್ಸೆಲ್ಸಿ ಮುಗಿದೊಡನೆ ಮದುವೆ ಎಂದಿದ್ದ ಮಾತು ಮನೆಯಲ್ಲಿ ಹಿಂದಕ್ಕೆ ಸರಿಯಿತು. ದ್ರಾಕ್ಷಾಯಣಿ ಹಾಸನದ ಕಾಲೇಜು ಸೇರಿದಳು; ಮುಂದೆ ಹಳೇಬೀಡಿನಲ್ಲಿ ವಿಜ್ಞಾನದ ಮೇಡಂ ಆಗಿ, ಪಕ್ಕದ ಬಸ್ತಿಹಳ್ಳಿಯಲ್ಲಿ ಮನೆ ಹಿಡಿದು, ದಿನವೂ ಶಾಲೆಗೆ ಚಕ್ರ ನೆಲಕ್ಕೆ ತಾಗುವ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದಳು.