ಎಳ್ಳಮಾಸಿಯ ಕತ್ತಲು

ನಮ್ಮ ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಅಮಾವಾಸ್ಯೆಯ ದಿನ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟುವಂತಿಲ್ಲ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದ ಮೇಲೂ ಈ ನಿಯಮ ಬದಲಾಗಲಿಲ್ಲ. ನಾನು ಕ್ಯಾಮೆರಾ ಕೊಂಡಾಗ ಅವ್ವ ಬೇಡವೆನ್ನಲಿಲ್ಲ. ಮನೆಯ ಕಾರ್ಯಗಳಿಗೆ ಆದೀತು ಎಂದುಕೊಂಡಿರಬೇಕು. ನನಗೆ ಬೇಕಾಗಿದ್ದುದು ನಕ್ಷತ್ರಗಳ ಒಂದೇ ಒಂದು ಸರಿಯಾದ ಚಿತ್ರ.

ಅಮಾವಾಸ್ಯೆಗೆ ಮುಂಚಿನ ಕೆಲವು ಸಂಜೆಗಳಲ್ಲೂ ಚಂದ್ರನಿರುವುದಿಲ್ಲ. ಆ ಸಂಜೆಗಳಲ್ಲಿ ಸಿಂಧನೂರಿನ ನಮ್ಮ ಮಾಳಿಗೆಯ ಮೇಲೆ ಕಲಿಯತೊಡಗಿದೆ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಮಾಡಿಕೊಳ್ಳುವುದಿಲ್ಲ, ಸುಮ್ಮನೆ ಗುರ್ ಗುರ್ ಅನ್ನುತ್ತದೆ. ಪರದೆಯ ಮೇಲೆ ಒಂದು ದೊಡ್ಡ ನಕ್ಷತ್ರವನ್ನು ಹಿಗ್ಗಿಸಿ, ಅದು ಸೂಜಿಮೊನೆಯಷ್ಟು ಚಿಕ್ಕದಾಗುವವರೆಗೆ ಲೆನ್ಸಿನ ಬಳೆ ತಿರುಗಿಸಬೇಕು. ಬೆರಳು ತಾಗಿದರೂ ಚಿತ್ರ ಅಲುಗುತ್ತದೆ ಎಂದು ಟೈಮರ್ ಇಡಬೇಕು. ಇಷ್ಟನ್ನು ಕಲಿತೆ. ಆದರೂ ಪ್ರತಿ ಚಿತ್ರದ ಒಂದು ಮೂಲೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಊರಂಚಿನ ಅಕ್ಕಿ ಮಿಲ್ಲಿನ ದೀಪಗಳು ರಾತ್ರಿಯಿಡೀ ಉರಿಯುತ್ತವೆ.

ಕತ್ತಲಿದ್ದದ್ದು ಮಸ್ಕಿಯಾಚೆ, ಪಾಮನಕಲ್ಲೂರಿನಲ್ಲಿ, ಸೋದರಮಾವನ ಹೊಲದಲ್ಲಿ. ಅಲ್ಲಿಗೆ ಕಾಲುವೆಯಿಲ್ಲ, ಭತ್ತವಿಲ್ಲ, ಆದ್ದರಿಂದ ಮಿಲ್ಲೂ ಇಲ್ಲ. ನಾವೆಲ್ಲ ಆ ಹೊಲಕ್ಕೆ ಹೋಗುವುದು ವರ್ಷಕ್ಕೊಮ್ಮೆ, ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕುಳಿತು ಉಂಡು, ಹೊತ್ತು ಮುಳುಗುವ ಮೊದಲು ಹೊರಟುಬಿಡುತ್ತೇವೆ. ಈ ಸಲ ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಇರುತ್ತೇನೆಂದು ಕೇಳಿದೆ.

"ಅಮಾಸಿ ದಿನ ಕತ್ತಲಾಗೋ ಮಟ ಹೊಲದಾಗ ನಿಂದ್ರತಾರೇನು?" ಎಂದಳು ಅವ್ವ.

ಫೋನಿನಲ್ಲಿ ಮಾವ ನಕ್ಕ. "ಬಿಡಕ್ಕಾ, ನಾ ಇರ್ತೀನಲ್ಲ. ನನ್ನ ಸೊಸಿ ಚುಕ್ಕಿ ಫೋಟೋ ತಗೀಲಿ."

ಆ ದಿನ ಉಂಡಾದ ಮೇಲೆ ಉಳಿದವರೆಲ್ಲ ಊರಿಗೆ ಮರಳಿದರು. ಮಾವ, ಅವ್ವ ಟ್ರ್ಯಾಕ್ಟರಿನ ಬಳಿ ಕುಳಿತರು. ನಾನು ಕಡಲೆ ಹೊಲದ ಬದುವಿನ ಮೇಲೆ ಸ್ಟ್ಯಾಂಡ್ ಹೂಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ಕಾದೆ. ಮೊದಲು ಕೃತ್ತಿಕೆಯ ಗೊಂಚಲು ಬಿಡಿಬಿಡಿಯಾಗಿ ಕಂಡಿತು. ಪೂರ್ವದಲ್ಲಿ ಜೋಳದ ತೆನೆಗಳ ಮೇಲೆ ಬೇಟೆಗಾರ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಿದ್ದವು. ಫೋಕಸ್ ಸರಿಯಾಯಿತು. ಗುಂಡಿ ಒತ್ತಿ ಹಿಂದೆ ಸರಿದು ನಿಂತೆ. ಶಟರ್ ಇನ್ನೂ ತೆರೆದೇ ಇರುವಾಗ ಇಡೀ ಹೊಲ ಬೆಳ್ಳಗಾಯಿತು.

"ಮಾವಾ, ಲೈಟ್ ಬಂದ್ ಮಾಡ್ರಿ."

"ಇರ್ಲಿ ಬಿಡವ್ವಾ. ಫೋಟೋಕ್ಕ ಬೆಳಕ ಬೇಕಲ್ಲ. ನಿನಗಂತನ ಟ್ರ್ಯಾಕ್ಟರ್ ತಿರುಗಿಸೀನಿ."

"ಬೆಳಕ ಇದ್ರ ಚುಕ್ಕಿ ಬರಂಗಿಲ್ರಿ."

"ಚುಕ್ಕಿ ಎಲ್ಲಿ ಓಡಿ ಹೋಗ್ತಾವ? ಹುಳಾಹುಪ್ಪಡಿ ಇರ್ತಾವ, ಮೊದ್ಲ ಕಾಲ ಕೆಳಗ ನೋಡ್ಕೋ."

"ಇಷ್ಟೆಲ್ಲಾ ಓದಿ ಕಡೀಕ ಕತ್ತಲ ಬೇಡಾಕತ್ತಾಳ ನೋಡು," ಎಂದು ಅವ್ವ ನಗುತ್ತ ಅಂದಳು. ಆಮೇಲೆ ನಗದೆ, "ಬೆಳಕಿದ್ರ ನಿಂದ್ರು. ಇಲ್ಲಂದ್ರ ಮನಿಗೆ ನಡಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಲೆನ್ಸಿಗೆ ಮುಚ್ಚಳ ಹಾಕಿದೆ. "ಇತ್ತ ನೋಡವ್ವಾ" ಎಂದ ಮಾವ. ತಿರುಗಿದೆ. ಅವನು ತನ್ನ ಫೋನಿನಲ್ಲಿ ನನ್ನ ಫೋಟೋ ತೆಗೆದ.

ನಾನು ತೆಗೆದ ಚಿತ್ರದಲ್ಲಿ ಸುಣ್ಣ ಬಳಿದಂಥ ಜೋಳದ ತೆನೆಗಳಿದ್ದವು, ಮೇಲೆ ಬೂದುಬಣ್ಣದ ಆಕಾಶ. ಮಾವ ತೆಗೆದದ್ದು ಚೆನ್ನಾಗಿ ಬಂದಿತ್ತು. ಸಂಕ್ರಾಂತಿ ಮುಗಿದ ಮೇಲೆ ನನಗೆ ಗೊತ್ತಾಯಿತು: ಅವ್ವ ಅದನ್ನು ಒಂದು ಮನೆತನಕ್ಕೆ ಕಳಿಸಿದ್ದಳು. ಊರಂಚಿನ ಆ ಅಕ್ಕಿ ಮಿಲ್ಲಿನವರಿಗೆ.

"ನೀ ಹೊಲದಾಗ ನಿಂತಿದ್ದು ಅವರಿಗೆ ಭಾಳ ಸೇರೈತಿ. ರವಿವಾರ ನೋಡಾಕ ಬರ್ತಾರ," ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ಫೋಟೋದಿಂದ ಕ್ಯಾಮೆರಾ, ಸ್ಟ್ಯಾಂಡ್ ಎರಡನ್ನೂ ಕತ್ತರಿಸಿ ತೆಗೆದಿದ್ದರು. ನಾನೊಬ್ಬಳೇ ಇದ್ದೆ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ಅದನ್ನು ಮಿಲ್ಲಿನವರು ನಾಚಿಕೆ ಎಂದುಕೊಂಡಿರಬಹುದು. ಚಿತ್ರವನ್ನು ಹಿಗ್ಗಿಸಿ ನೋಡಿದೆ. ನನ್ನ ಭುಜದ ಹಿಂದೆ ಮಹಾವ್ಯಾಧ ಇರಬೇಕಾಗಿತ್ತು. ಅಲ್ಲಿ ಬರೀ ಕಪ್ಪು.

"ಅವರ ಮನಿ ಮಿಲ್ಲಿನ ಹಿಂದನ ಐತಿ," ಅವ್ವ ಹೇಳುತ್ತಲೇ ಇದ್ದಳು. "ರಾತ್ರಿಯೆಲ್ಲಾ ಲೈಟ್ ಇರ್ತಾವ. ಅಂಜಿಕಿ ಅನ್ನೋದ ಇಲ್ಲ."

ಪೂರ್ತಿ ಫೋಟೋ ಬೇಕು ಎಂದೆ.

"ಯಾಕ?"

"ಅದರಾಗ ಕ್ಯಾಮೆರಾ ಐತಿ."

"ಅದನ್ನ ನಿಮ್ಮ ಮಾವ ಅವತ್ತ ಅಳಿಸ್ಯಾನ," ಎಂದು ಅವ್ವ ಫೋನನ್ನು ತಿರುಗಿ ಇಸಿದುಕೊಂಡಳು.